ಜಾಗ್ರಫಿ ಪಿಎಚ್‌ಡಿಗೆ ಕಡಗಂಚಿನೋ ಧಾರವಾಡನೋ?

ತಮ್ಮಾ, ಮೊದ್ಲು ರೊಕ್ಕದ ಮಾತು. ಜೆಆರ್‌ಎಫ್ (ನೆಟ್ ಪರೀಕ್ಷೆಯಾಗ ಚಲೋ ಅಂಕ ಬಂದವ್ರಿಗೆ ಯುಜಿಸಿ ಕೊಡೋ ಸಂಶೋಧನಾ ಫೆಲೋಶಿಪ್) ಇದ್ರ ಎಲ್ಲಿ ಸೇರಿದ್ರೂ ತಿಂಗಳಿಗೆ 37,000 ಬರ್ತದ, ಎರಡು ವರ್ಷ ಆದ್ಮ್ಯಾಲೆ 42,000, ಹಂಗಾಗಿ ಆ ಚಿಂತಿ ಬಿಡು. ಜೆಆರ್‌ಎಫ್ ಇಲ್ಲಂದ್ರ ಕಲಬುರಗಿ ಹತ್ರದ ಕಡಗಂಚಿ ಕೇಂದ್ರೀಯ ವಿವಿ ಕಡೆ ನೋಡು, ಸೆಂಟ್ರಲ್ ಯೂನಿವರ್ಸಿಟಿಗಳೊಳಗ ಯುಜಿಸಿಯ ನಾನ್-ನೆಟ್ ಫೆಲೋಶಿಪ್ ತಿಂಗಳಿಗೆ 8,000 ಅದ, ಧಾರವಾಡದಂಥ ರಾಜ್ಯ ವಿವಿಗೆ ಅದಿಲ್ಲ. 8,000ದಾಗ ರೂಮ್ ಬಾಡಿಗಿ, ಮೆಸ್ ಎಲ್ಲಾ ಆಗಲ್ಲ, ಆದ್ರ ಕಲಬುರಗಿಯಾಗ ಮನಿ ಇದ್ರ ಆಳಂದ ರೋಡಿನ ಬಸ್ ಹತ್ತಿ ಹೋಗಿ ಬರಬಹುದು, ಮನಿ ರೊಟ್ಟಿ ಅಂತೂ ತಪ್ಪಲ್ಲ.

ಟಾಪಿಕ್ ಇನ್ನೂ ದೊಡ್ಡ ವಿಷಯ ನೋಡು. ಭೀಮಾ ಹೊಳಿ ಪ್ರವಾಹ, ತೊಗರಿ ಬೆಳಿ, ಬರಗಾಲ, ಇಲ್ಲಿಂದ ಮುಂಬೈ ಪುಣೆಗೆ ಗುಳೆ ಹೋಗೋರು, ಇವು ತಲ್ಯಾಗಿದ್ರ ಕಡಗಂಚಿನೇ ಹಿಡಿ, ಫೀಲ್ಡ್ ಮನಿ ಬಾಗಿಲಿಗೇ ಅದ, ಪದೇ ಪದೇ ಹೋಗಿ ಸರ್ವೇ ಮಾಡ್ಬಹುದು. ಮಲಪ್ರಭಾ, ಪಶ್ಚಿಮ ಘಟ್ಟದ ಅಂಚು ಅಂದ್ರ ಧಾರವಾಡನೇ ಚಲೋ. 1949ರ ಹಳೇ ವಿವಿ ಅದು, ಕಡಗಂಚಿದು 2009ರಾಗ ಶುರುವಾದದ್ದು.

ನೌಕರಿ ಬಿಡದೆ ಪಾರ್ಟ್‌ಟೈಮ್ ಮಾಡೋದಾದ್ರ ಆಫೀಸಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬೇಕು, ಆಗ ಸಮೀಪದ್ದೇ ಹಿಡಿ. ಕನಿಷ್ಠ 3 ವರ್ಷದ ಕೆಲಸ, ಅದಕ್ಕ ಗೈಡ್ ಹ್ಯಾಂಗ ಅಂತ ಅವ್ರ ಈಗಿನ ಸ್ಕಾಲರ್‌ಗಳನ್ನ ಚಾದಂಗಡಿಗೆ ಕರ್ಕೊಂಡ್ ಹೋಗಿ ಕೇಳು, ಡಿಪಾರ್ಟ್‌ಮೆಂಟಿನಾಗ ಖರೆ ಯಾರೂ ಹೇಳಲ್ಲ.