ಲ್ಯಾಬ್‌ನಲ್ಲಿ ವಿಂಡೋಸ್ 7, ಕೆಲಸದಲ್ಲಿ ವಿಂಡೋಸ್ 11: ಹಾರ್ಡ್‌ವೇರ್ ನೆಟ್‌ವರ್ಕಿಂಗ್ ಕೋರ್ಸ್ ಬಗ್ಗೆ, ಮೂರು ವರ್ಷ ಕೆಲಸ ಮಾಡಿದ ಮೇಲೆ

2022ರ ಜೂನ್‌ನಲ್ಲಿ ತುಮಕೂರಿನ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ ಆರು ತಿಂಗಳ ಹಾರ್ಡ್‌ವೇರ್ ನೆಟ್‌ವರ್ಕಿಂಗ್ ಕೋರ್ಸ್‌ಗೆ ಸೇರಿದೆ. ಫೀಸು 28,000 ರೂಪಾಯಿ, ಎರಡು ಕಂತು. ಮೊದಲ ಕಂತು ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕಟ್ಟಿದ್ದು. ಈಗ ಬೆಂಗಳೂರಿನಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿ ಮೂರು ವರ್ಷ ಆಗುತ್ತಾ ಬಂತು. ಇನ್‌ಸ್ಟಿಟ್ಯೂಟ್ ಹೆಸರು ಹಾಕುವುದಿಲ್ಲ. ದಾವಣಗೆರೆ, ಹಾಸನದಲ್ಲಿ ಕಲಿತು ಬಂದ ಸಹೋದ್ಯೋಗಿಗಳೂ ಇದೇ ಕಥೆ ಹೇಳುತ್ತಾರೆ, ಹಾಗಾಗಿ ಒಬ್ಬರ ಹೆಸರು ಕೆಡಿಸಿ ಪ್ರಯೋಜನ ಇಲ್ಲ. ಆದರೆ ಇಂಥ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಏನು ನೋಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲ್ಯಾಬ್‌ನಲ್ಲಿ ಹದಿನಾಲ್ಕು ಮೆಷಿನ್ ಇದ್ದವು. ಹನ್ನೆರಡರಲ್ಲಿ ವಿಂಡೋಸ್ 7, 2 ಜಿಬಿ ರ‍್ಯಾಮ್. ಮೂಲೆಯ ಎರಡರಲ್ಲಿ ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ. ಸರ್ವರ್ ಪಾಠಕ್ಕೆ ವಿಂಡೋಸ್ ಸರ್ವರ್ 2008 ಆರ್2. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಹಾಗಾಗಿ ಆಗ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಈಗ ತಾರೀಕು ಹಿಡಿದು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೂ ಸರ್ವರ್ 2008 ಆರ್2ಗೂ 2020ರ ಜನವರಿ 14ಕ್ಕೆ. ನಾನು ಸೇರುವ ಹೊತ್ತಿಗೆ ವಿಂಡೋಸ್ 11 ಬಂದು ಎಂಟು ತಿಂಗಳಾಗಿತ್ತು, ಆರು ತಿಂಗಳ ಕೋರ್ಸ್‌ನಲ್ಲಿ ಅದರ ಸ್ಕ್ರೀನ್ ಹೇಗಿರುತ್ತದೆ ಅಂತ ನಾವು ಒಂದು ದಿನವೂ ನೋಡಲಿಲ್ಲ. ವಿಂಡೋಸ್ 10 ಕೂಡ ಆಫೀಸ್ ರೂಮಿನ ಒಂದು ಮೆಷಿನ್‌ನಲ್ಲಿ ಮಾತ್ರ ಇತ್ತು, ಫೀಸು ರಸೀದಿ ಪ್ರಿಂಟ್ ಮಾಡಲು.

ನಮ್ಮ ಬ್ಯಾಚ್‌ನ ಒಬ್ಬ ಇದನ್ನು ಕೇಳಿದ್ದ. ಸರ್ ಹೇಳಿದ್ದು ಇಷ್ಟೇ: "ಬೇಸಿಕ್ ಗೊತ್ತಾದ್ರೆ ಎಲ್ಲಾ ಒಂದೇ ಕಣಪ್ಪ."

ಈ ಮಾತನ್ನು ನಾನು ಮೂರು ವರ್ಷ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಅರ್ಧ ನಿಜ, ಅರ್ಧ ಅಲ್ಲ. ಯಾವ ಅರ್ಧ ನಿಜ ಅಂತ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು.

2023ರ ಫೆಬ್ರವರಿ, ಕೆಲಸಕ್ಕೆ ಸೇರಿದ ಮೂರನೇ ದಿನ. ಹೊಸ ಲ್ಯಾಪ್‌ಟಾಪ್ ಕೊಟ್ಟು ವಿಂಡೋಸ್ 11 ಹಾಕು ಅಂದರು. ಪೆನ್‌ಡ್ರೈವ್‌ನಿಂದ ಬೂಟ್ ಆಯಿತು, ಭಾಷೆ ಕೇಳಿತು, ನೆಕ್ಸ್ಟ್ ಒತ್ತಿದೆ. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಸ್ಕ್ರೀನ್ ಬಂತು, ಆದರೆ ಪಟ್ಟಿ ಖಾಲಿ. ಡಿಸ್ಕೇ ಇಲ್ಲ! ಡಿಸ್ಕ್ ಕಾಣದಿದ್ದರೆ ಕೇಬಲ್ ನೋಡು, ಜಂಪರ್ ಮಾಸ್ಟರ್‌ನಲ್ಲಿ ಇದೆಯಾ ಸ್ಲೇವ್‌ನಲ್ಲಿ ಇದೆಯಾ ನೋಡು, ಬಯೋಸ್‌ನಲ್ಲಿ ನೋಡು ಅಂತ ಕಲಿಸಿದ್ದರು. ಈ ಲ್ಯಾಪ್‌ಟಾಪ್‌ನಲ್ಲಿ ಕೇಬಲ್ ಎಲ್ಲಿಂದ ಬರಬೇಕು? ಚೂಯಿಂಗ್ ಗಮ್ ಪಟ್ಟಿಯಷ್ಟು ಅಗಲದ ಎಸ್‌ಎಸ್‌ಡಿ, ಬೋರ್ಡಿಗೇ ಸಿಕ್ಕಿಸಿರುತ್ತಾರೆ. ಡಿಸ್ಕ್ ಹೋಗಿದೆ ಅಂತ ದೂರಿನ ಟಿಕೆಟ್‌ನಲ್ಲಿ ಬರೆಯಲು ಹೊರಟಿದ್ದೆ. ಪಕ್ಕದ ಸೀಟಿನ ಸೀನಿಯರ್ ಸುಮ್ನೆ ಒಂದು ಸಲ ಇಣುಕಿ ನೋಡಿ, "ಆರ್‌ಎಸ್‌ಟಿ ಡ್ರೈವರ್ ಹಾಕ್ಕೊಂಡಿದೀಯಾ ಪೆನ್‌ಡ್ರೈವ್‌ಗೆ?" ಅಂದರು. ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ, ಡಿಸ್ಕ್‌ಗಳನ್ನು ಪ್ರೊಸೆಸರ್ ಮೂಲಕವೇ ನಡೆಸುವ ವ್ಯವಸ್ಥೆ ಆನ್ ಆಗಿಯೇ ಬರುತ್ತದೆ. ಅದು ಆನ್ ಇದ್ದರೆ ಆರ್‌ಎಸ್‌ಟಿ ಅನ್ನುವ ಇಂಟೆಲ್‌ನ ಡಿಸ್ಕ್ ಡ್ರೈವರ್ ಲೋಡ್ ಮಾಡುವ ತನಕ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ. ಎರಡು ನಿಮಿಷದ ಕೆಲಸ. ನಾನು ಒಂದೂವರೆ ಗಂಟೆ ಕಳೆದಿದ್ದೆ.

ಆ ತಿಂಗಳು ಪೂರ್ತಿ ಹೀಗೇ ಆಯಿತು. ಸೇಫ್ ಮೋಡ್‌ಗೆ ಎಫ್8 ಒತ್ತು ಅಂತ ಕಲಿತಿದ್ದೆ, ವಿಂಡೋಸ್ 8ರಿಂದಲೇ ಅದು ಮಾಮೂಲಿ ಸೆಟ್ಟಿಂಗ್‌ನಲ್ಲಿ ಕೆಲಸ ಮಾಡುವುದಿಲ್ಲ. ಯಾವ ವಿಂಡೋಸ್ ಬೂಟ್ ಆಗಬೇಕು ಅಂತ ಹೇಳುವ ಬೂಟ್ ಡಾಟ್ ಐಎನ್‌ಐ ಫೈಲ್ ತಿದ್ದುವುದನ್ನು ಎರಡು ದಿನ ಪಾಠ ಮಾಡಿದ್ದರು, ಅದು ವಿಸ್ಟಾ ಬಂದಾಗಲೇ ಹೋಗಿದೆ. ಯುಇಎಫ್‌ಐ (ಬಯೋಸ್‌ನ ಜಾಗಕ್ಕೆ ಬಂದದ್ದು), ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವುದು), ಟಿಪಿಎಂ (ಕೀಗಳನ್ನು ಕಾಯುವ ಭದ್ರತಾ ಚಿಪ್), ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇವೆಲ್ಲ ಹೆಸರು ಕೂಡ ಕೇಳಿರಲಿಲ್ಲ. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಬೇಕು ಅನ್ನುವುದು ಈ ಕೆಲಸದಲ್ಲಿ ದಿನಾ ಬರುವ ಮಾತು. ಇಲ್ಲಿ ಎಲ್ಲರೂ ಮೇಲ್ ಐಡಿ ಹಾಕಿ ಲಾಗಿನ್ ಆಗುತ್ತಾರೆ, ಲ್ಯಾಪ್‌ಟಾಪ್ ಮನೆಯಲ್ಲೇ ಕುಳಿತು ಕಂಪನಿಯ ಕ್ಲೌಡ್‌ಗೆ ಸೇರಿಕೊಳ್ಳುತ್ತದೆ. ನಮಗೆ ಕಲಿಸಿದ್ದು ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಡೊಮೇನ್‌ಗೆ, ಅಂದರೆ ಆಫೀಸಿನ ಸರ್ವರ್ ನಡೆಸುವ ಗುಂಪಿಗೆ, ಸೇರಿಸುವುದು ಮಾತ್ರ.

ಇಷ್ಟು ಹೇಳಿ ಒಂದು ಸ್ಟಾರ್ ಕೊಟ್ಟು ಮುಗಿಸಬಹುದಿತ್ತು. ಆದರೆ 2024ರ ಜುಲೈ 19ರ ಬಗ್ಗೆ ಹೇಳದೆ ಹೋದರೆ ಅನ್ಯಾಯ ಆಗುತ್ತದೆ.

ಶುಕ್ರವಾರ ಬೆಳಿಗ್ಗೆ. ಒಂದು ಭದ್ರತಾ ಸಾಫ್ಟ್‌ವೇರ್‌ನ ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ ವಿಂಡೋಸ್ ಮೆಷಿನ್‌ಗಳು ನೀಲಿ ಸ್ಕ್ರೀನ್‌ಗೆ ಬಿದ್ದ ದಿನ ಅದು. ಸುಮಾರು 85 ಲಕ್ಷ ಮೆಷಿನ್ ಅಂತ ಮೈಕ್ರೋಸಾಫ್ಟ್ ಆಮೇಲೆ ಅಂದಾಜು ಕೊಟ್ಟಿತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರಲ್ವಾ, ಅದೇ ದಿನ. ನಮ್ಮ ಆಫೀಸಿನಲ್ಲಿ ಹತ್ತು ಗಂಟೆಗೆ ಫೋನ್ ಶುರುವಾಯಿತು. ಪರಿಹಾರ ಹೇಳಲು ಸುಲಭ: ರಿಕವರಿ ಸ್ಕ್ರೀನ್‌ಗೆ ಹೋಗು, ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆ, ಆ ಸಾಫ್ಟ್‌ವೇರ್‌ನ ಫೋಲ್ಡರ್‌ಗೆ ಹೋಗಿ 291 ಅನ್ನುವ ಅಂಕಿ ಇರುವ ಫೈಲ್ ಅಳಿಸು, ರೀಸ್ಟಾರ್ಟ್ ಮಾಡು. ಆದರೆ ಪ್ರತಿ ಮೆಷಿನ್‌ನ ಮುಂದೆ ಯಾರಾದರೂ ಕುಳಿತೇ ಮಾಡಬೇಕು. ಜೊತೆಗೆ ಬಿಟ್‌ಲಾಕರ್ ಕೀ ಕೇಳುತ್ತದೆ, 48 ಅಂಕಿ. ಆರಾರು ಅಂಕಿಯ ಎಂಟು ಗುಂಪು. ಮನೆಯಿಂದ ಕೆಲಸ ಮಾಡುತ್ತಿದ್ದ ಅಕೌಂಟ್ಸ್ ಮೇಡಂ ಒಬ್ಬರಿಗೆ ಫೋನಿನಲ್ಲಿ ಒಂದೊಂದೇ ಗುಂಪು ಓದಿ ಹೇಳಿದೆ, ಅವರು ಪ್ರತಿ ಗುಂಪನ್ನೂ ನನಗೆ ವಾಪಸ್ ಓದಿ ಹೇಳಿದರು, ಐದನೇ ಗುಂಪಿನಲ್ಲಿ ಒಂದು ಅಂಕಿ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದೆವು.

ಆ ದಿನ ನಮ್ಮ ತಂಡದಲ್ಲಿ ಕಮಾಂಡ್ ಪ್ರಾಂಪ್ಟ್ ನೋಡಿ ಗಾಬರಿಯಾಗದವರು ಮೂರೇ ಜನ. ಅದರಲ್ಲಿ ನಾನೂ ಒಬ್ಬ. ರಿಕವರಿಯಲ್ಲಿ ಡ್ರೈವ್ ಅಕ್ಷರ ಬದಲಾಗಿರಬಹುದು, ಸಿ ಅಂತ ತೋರಿಸುವುದು ನಿಜವಾದ ಸಿ ಅಲ್ಲದೆ ಇರಬಹುದು, ಮೊದಲು ಡಿಐಆರ್ ಅನ್ನುವ ಆದೇಶ ಕೊಟ್ಟು ಒಳಗೆ ಏನಿದೆ ಅಂತ ನೋಡು, ಆಮೇಲೆ ಅಳಿಸು. ಇದನ್ನು ನನಗೆ ಕಲಿಸಿದ್ದು ಅದೇ ಸರ್, ಅದೇ ಮೂಲೆಯ ಎಕ್ಸ್‌ಪಿ ಮೆಷಿನ್‌ನಲ್ಲಿ. ಅಲ್ಲಿ ಮೌಸ್ ಕಿತ್ತು ಇಟ್ಟು ಒಂದು ವಾರ ಬರೀ ಕೀಬೋರ್ಡ್‌ನಲ್ಲಿ ಕೆಲಸ ಮಾಡಿಸಿದ್ದರು. ಆಗ ಬೈದುಕೊಂಡಿದ್ದೆ.

ಹಾಗೆಯೇ ನೆಟ್‌ವರ್ಕಿಂಗ್. ನೆಟ್‌ವರ್ಕ್ ಕೇಬಲ್‌ನ ಎಂಟು ತಂತಿಗಳ ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕ್ರಿಂಪಿಂಗ್ ಟೂಲ್ ಹಿಡಿದು ಹೆಬ್ಬೆರಳಿನಲ್ಲಿ ಗೆರೆ ಬೀಳುವ ತನಕ ಕೇಬಲ್ ಮಾಡಿಸಿದ್ದಾರೆ. ಐಪಿ 169.254ರಿಂದ ಶುರುವಾದರೆ ಡಿಎಚ್‌ಸಿಪಿ (ಮೆಷಿನ್‌ಗೆ ತಾನಾಗಿ ಐಪಿ ವಿಳಾಸ ಕೊಡುವ ವ್ಯವಸ್ಥೆ) ಸಿಕ್ಕಿಲ್ಲ ಅಂತ ಅರ್ಥ, ಎಕ್ಸ್‌ಪಿಯಲ್ಲೂ ಹಾಗೇ, ವಿಂಡೋಸ್ 11ರಲ್ಲೂ ಹಾಗೇ. ಪಿಂಗ್ ಹೋಗುತ್ತೆ ಆದರೆ ವೆಬ್‌ಸೈಟ್ ತೆರೆಯಲ್ಲ ಅಂದರೆ ಮೊದಲು ಡಿಎನ್‌ಎಸ್ (ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸ ಮಾಡುವುದು) ನೋಡು. ಸರ್ ಹೇಳಿದ ಬೇಸಿಕ್ ಅಂದರೆ ಇದು. ಇದಕ್ಕೆ ವಯಸ್ಸಾಗಿಲ್ಲ. ವಿಂಡೋಸ್ ಹೇಗೆ ಬೂಟ್ ಆಗುತ್ತದೆ, ಡಿಸ್ಕ್ ಹೇಗೆ ಲಾಕ್ ಆಗುತ್ತದೆ, ಲಾಗಿನ್ ಎಲ್ಲಿಂದ ಬರುತ್ತದೆ ಅನ್ನುವುದು ಆ ಲೆಕ್ಕಕ್ಕೆ ಸೇರುವುದಿಲ್ಲ, ಅದು ಬದಲಾಗುತ್ತಲೇ ಇರುತ್ತದೆ, ಅದನ್ನೂ ಬೇಸಿಕ್ ಅಂತಲೇ ಕಲಿಸಿದ್ದು ತಪ್ಪು.

ಹಳೆಯ ವಿಂಡೋಸ್ ಕಲಿಯುವುದೇ ವೇಸ್ಟ್ ಅಂತಲೂ ನಾನು ಹೇಳಲ್ಲ. ಊರಿಗೆ ಹೋದಾಗ ಡಿಟಿಪಿ ಅಂಗಡಿಯವರು ಈಗಲೂ ಕರೆಯುತ್ತಾರೆ. ಪೇಜ್‌ಮೇಕರ್, ನುಡಿಯ ಹಳೆಯ ಫಾಂಟ್‌ಗಳು, ಇಪ್ಪತ್ತು ವರ್ಷದ ಲಗ್ನಪತ್ರಿಕೆ ಫೈಲ್‌ಗಳು ಎಲ್ಲಾ ಒಂದು ಎಕ್ಸ್‌ಪಿ ಮೆಷಿನ್‌ನಲ್ಲಿ. ಅದನ್ನು ಬಿಡು ಅಂದರೆ ಅವರ ಹೊಟ್ಟೆಪಾಡು ಏನಾಗಬೇಕು? ಎಟಿಎಂಗಳಲ್ಲೇ ಎಕ್ಸ್‌ಪಿ ಇತ್ತು, 2019ರ ಜೂನ್ ಒಳಗೆ ಬದಲಿಸಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಸುತ್ತೋಲೆ ಹೊರಡಿಸಬೇಕಾಯಿತು. ಹಾಗಾಗಿ ಮೂಲೆಯ ಆ ಎರಡು ಎಕ್ಸ್‌ಪಿ ಮೆಷಿನ್ ಬಗ್ಗೆ ನನಗೆ ದೂರಿಲ್ಲ. ಉಳಿದ ಹನ್ನೆರಡರ ಬಗ್ಗೆ ದೂರು.

ಸರ್ಟಿಫಿಕೇಟ್ ವಿಷಯ. ಕರಪತ್ರದಲ್ಲಿ ಎ ಪ್ಲಸ್, ಎನ್ ಪ್ಲಸ್ (ಕಾಂಪ್‌ಟಿಯಾ ಸಂಸ್ಥೆಯ ಪರೀಕ್ಷೆಗಳು), ಎಂಸಿಎಸ್‌ಎ (ಮೈಕ್ರೋಸಾಫ್ಟ್‌ನದ್ದು), ಸಿಸಿಎನ್‌ಎ (ಸಿಸ್ಕೊ ಕಂಪನಿಯದ್ದು) ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಎಂಸಿಎಸ್‌ಎ ಪರೀಕ್ಷೆಗಳನ್ನು ಮೈಕ್ರೋಸಾಫ್ಟ್ 2021ರ ಜನವರಿ 31ಕ್ಕೇ ನಿಲ್ಲಿಸಿತ್ತು. ನಾನು ಸೇರಿದ್ದು ಅದಾಗಿ ಹದಿನಾರು ತಿಂಗಳ ಮೇಲೆ. ಬರೆಯಲು ಸಾಧ್ಯವೇ ಇಲ್ಲದ ಪರೀಕ್ಷೆಗೆ ನಾವು ನೋಟ್ಸ್ ಬರೆದುಕೊಂಡೆವು. ಇದನ್ನು ಮಾತ್ರ ನಾನು ಕ್ಷಮಿಸಿಲ್ಲ. ಮೆಷಿನ್ ಹಳೆಯದು ಅಂದರೆ ದುಡ್ಡಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು, ಕರಪತ್ರದ ಒಂದು ಸಾಲು ತೆಗೆಯಲು ದುಡ್ಡು ಬೇಕಾಗಿರಲಿಲ್ಲ.

ಪೂರ್ತಿ ತಪ್ಪು ಇನ್‌ಸ್ಟಿಟ್ಯೂಟ್‌ನದ್ದೇ ಅನ್ನಲೂ ಆಗುವುದಿಲ್ಲ, ಪರೀಕ್ಷೆಗಳೇ ಹಿಂದೆ ಇದ್ದವು. ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಅದಾದ ಮೇಲೆ ಬಂದ ಎ ಪ್ಲಸ್ 902 ಪರೀಕ್ಷೆಯ ಪಠ್ಯಪಟ್ಟಿಯಲ್ಲಿ ಇದ್ದದ್ದು ವಿಸ್ಟಾ, 7, 8, 8.1. ಮುಂದಿನ 1002 ಪರೀಕ್ಷೆ 2019ರ ಜನವರಿಯಲ್ಲಿ ಬಂತು, ಅದರಲ್ಲಿ 10 ಇತ್ತು, 7 ಕೂಡ ಇತ್ತು. ವಿಂಡೋಸ್ 7ಕ್ಕೆ ಬೆಂಬಲ ಮುಗಿದು ಎರಡೂಮುಕ್ಕಾಲು ವರ್ಷ ಆಗುವ ತನಕ, ಅಂದರೆ 2022ರ ಅಕ್ಟೋಬರ್‌ವರೆಗೆ, ಆ ಪರೀಕ್ಷೆ ನಡೆಯಿತು. 2022ರಲ್ಲಿ ಬಂದ 1102ರ ಪಟ್ಟಿಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು: ಮೈಕ್ರೋಸಾಫ್ಟ್‌ನ ಮುಖ್ಯ ಬೆಂಬಲ ಮುಗಿಯದೆ ಇರುವ ಆವೃತ್ತಿಗಳನ್ನು, ವಿಂಡೋಸ್ 11ರವರೆಗೆ, ಕೇಳುತ್ತೇವೆ ಅಂತ ಟಿಪ್ಪಣಿ ಹಾಕಿದರು. ನಾನು ಎ ಪ್ಲಸ್‌ನ ಎರಡು ಭಾಗಗಳಾದ 1101, 1102 ಎರಡನ್ನೂ ಕೆಲಸ ಮಾಡುತ್ತಲೇ ಸ್ವಂತ ಓದಿ 2024ರ ಮಾರ್ಚ್ ಒಳಗೆ ಪಾಸ್ ಮಾಡಿದೆ. ಕೋರ್ಸ್ ನೋಟ್ಸ್‌ನಿಂದ ನೆಟ್‌ವರ್ಕಿಂಗ್ ಭಾಗ ಮಾತ್ರ ಉಪಯೋಗಕ್ಕೆ ಬಂತು. ಈಗ 1201, 1202 ನಡೆಯುತ್ತಿದೆ, ಸೇರುವವರು ಆ ನಂಬರ್ ಕೇಳಿ. ಗೊತ್ತಿಲ್ಲ ಅಂದರೆ ಅಲ್ಲಿಗೆ ಎದ್ದು ಬನ್ನಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ದುಡ್ಡು ಕಟ್ಟುವ ಮೊದಲು ಲ್ಯಾಬ್ ತೋರಿಸಿ ಅನ್ನಿ. ಯಾವುದಾದರೂ ಒಂದು ಮೆಷಿನ್ ಮುಂದೆ ಕುಳಿತು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಬ್ಲ್ಯೂ ಐ ಎನ್ ವಿ ಇ ಆರ್ ಅಂತ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಯಾವ ವಿಂಡೋಸ್, ಯಾವ ಆವೃತ್ತಿ ಎಲ್ಲಾ ಬರುತ್ತದೆ. ಹತ್ತು ಸೆಕೆಂಡ್ ಸಾಕು.

ನನ್ನ ಅಂಕ: ನೆಟ್‌ವರ್ಕಿಂಗ್ ಮತ್ತು ಕಮಾಂಡ್‌ಗೆ ಐದಕ್ಕೆ ನಾಲ್ಕೂವರೆ. ವಿಂಡೋಸ್‌ಗೆ ಒಂದು. ಸರ್‌ಗೆ ಐದು. ಕರಪತ್ರಕ್ಕೆ ಸೊನ್ನೆ.

ಈ ಜನವರಿಯಲ್ಲಿ ಚಿಕ್ಕಪ್ಪನ ಮಗಳು ಅಲ್ಲಿಗೇ ಸೇರುತ್ತೇನೆ ಅಂದಳು, ಜೊತೆಗೆ ಹೋದೆ. ಲ್ಯಾಬ್‌ನಲ್ಲಿ ಅವಳ ಕೈಯಲ್ಲೇ ಟೈಪ್ ಮಾಡಿಸಿದೆ. ವಿಂಡೋಸ್ 10, 22ಎಚ್2 ಅಂತ ಬಂತು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ರೊಸೆಸರ್ ಐ3, 6ನೇ ಪೀಳಿಗೆ, ಅಧಿಕೃತವಾಗಿ ವಿಂಡೋಸ್ 11 ಹತ್ತುವುದಿಲ್ಲ. ಸರ್ ನನ್ನನ್ನು ಗುರುತು ಹಿಡಿದರು, ಕೂರಿಸಿ ಟೀ ತರಿಸಿದರು. ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನದ ಪ್ರಯೋಗದ ಕಾಪಿಯನ್ನೂ ಸರ್ವರ್‌ನ 180 ದಿನದ್ದನ್ನೂ ಮೈಕ್ರೋಸಾಫ್ಟ್ ಬಿಟ್ಟಿಯಾಗಿ ಕೊಡುತ್ತದೆ, ವರ್ಚುವಲ್‌ಬಾಕ್ಸ್ 7ರಲ್ಲಿ ಟಿಪಿಎಂ ಕೂಡ ಸಾಫ್ಟ್‌ವೇರ್‌ನಲ್ಲೇ ಸಿಗುತ್ತದೆ, 8 ಜಿಬಿ ರ‍್ಯಾಮ್ ಇದ್ದರೆ ಹುಡುಗರಿಗೆ ತೋರಿಸಬಹುದು ಸರ್ ಅಂದೆ. ಅವರು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. "ನಾಲ್ಕು ಮೆಷಿನ್‌ನಲ್ಲಿ 8 ಇದೆಯಪ್ಪ, ಹಾಕಿ ನೋಡ್ತೀನಿ" ಅಂದರು. ಬ್ಯಾಚ್ ಫೆಬ್ರವರಿ 2ಕ್ಕೆ ಶುರು. ಹಾಕಿದ್ದಾರೆ ಅಂತ ಅವಳು ಫೋನ್ ಮಾಡಿದ ದಿನ ವಿಂಡೋಸ್‌ನ ಅಂಕ ತಿದ್ದುತ್ತೇನೆ.