ಹುಡ್ ಟು ಕೋಸ್ಟ್ ರಿಲೇ: ಹಣ ಕೊಡುವ ಮೊದಲು ರಾತ್ರಿಯ ಲೆಕ್ಕ ಹಾಕಿ

ಅಮೆರಿಕದ ಆರೆಗನ್ ರಾಜ್ಯದಲ್ಲಿ ಆಗಸ್ಟ್ ಕೊನೆಗೆ, ಒಂದು ಶುಕ್ರವಾರ ಬೆಳಗಿನಿಂದ ಶನಿವಾರದವರೆಗೆ, ಸಾವಿರಕ್ಕೂ ಹೆಚ್ಚು ತಂಡಗಳು ಹಗಲು ರಾತ್ರಿ ಓಡುವ ರಿಲೇ ಇದು. ಮೌಂಟ್ ಹುಡ್ ಪರ್ವತದ ಟಿಂಬರ್‌ಲೈನ್ ಲಾಡ್ಜ್‌ನಿಂದ ಹೊರಟು ಪೆಸಿಫಿಕ್ ಸಮುದ್ರದ ದಂಡೆಯ ಸೀಸೈಡ್ ಊರಿನ ಮರಳಿನಲ್ಲಿ ಮುಗಿಯುತ್ತದೆ. ಸುಮಾರು 200 ಮೈಲಿ ದೂರ, 36 ಲೆಗ್‌ಗಳು (ಒಬ್ಬರು ಒಂದು ಸಲಕ್ಕೆ ಓಡುವ ತುಂಡುದಾರಿ), 12 ಜನ, ಎರಡು ವ್ಯಾನ್. ಒಬ್ಬೊಬ್ಬರೂ ಮೂರು ಸಲ ಓಡಬೇಕು. ತಲೆಗೆ ಸರಾಸರಿ ಹದಿನಾರೂವರೆ ಮೈಲಿ, ಅಂದರೆ 27 ಕಿ.ಮೀ. ಆಸುಪಾಸು.

ಹಾಫ್ ಮ್ಯಾರಥಾನ್ ಓಡಿದವರಿಗೆ ಈ 27 ಕಿ.ಮೀ. ದೊಡ್ಡದೆನಿಸುವುದಿಲ್ಲ. ಬಹಳ ತಂಡಗಳು ಮೋಸ ಹೋಗುವುದು ಇಲ್ಲೇ. ಓಟದ ಕಷ್ಟ ದೂರದಲ್ಲಿಲ್ಲ, ಎರಡು ಓಟಗಳ ನಡುವಿನ ಹೊತ್ತಿನಲ್ಲಿದೆ. ಬೆವರು ಆರುವ ಮೊದಲೇ ವ್ಯಾನ್ ಹತ್ತಿ, ಮಡಚಿದ ಕಾಲಲ್ಲಿ ಕೂತು, ಅರ್ಧ ನಿದ್ದೆಯಲ್ಲಿ ಎದ್ದು, ಹತ್ತು ಡಿಗ್ರಿ ಚಳಿಯಲ್ಲಿ ಮತ್ತೆ ಓಡಬೇಕು. ಆಯೋಜಕರು ರಸ್ತೆ, ಗುರುತಿನ ಫಲಕ, ಎಕ್ಸ್‌ಚೇಂಜ್ (ಒಂದು ಲೆಗ್ ಮುಗಿದು ಓಟಗಾರರು ಬದಲಾಗುವ ಜಾಗ), ಶೌಚಾಲಯ, ಸ್ವಯಂಸೇವಕರು ಎಲ್ಲವನ್ನೂ ಒದಗಿಸುತ್ತಾರೆ. ಆ ಕೆಲಸಕ್ಕೆ ನಾವು ಪೂರ್ಣ ಅಂಕ ಕೊಡುತ್ತೇವೆ. ಉಳಿದದ್ದೆಲ್ಲ, ಅಂದರೆ ಊಟ, ನಿದ್ದೆ, ಗಾಡಿ, ಸಮಯದ ಲೆಕ್ಕ, ನಿಮ್ಮ ತಂಡದ್ದೇ ಜವಾಬ್ದಾರಿ.

ಹಿನ್ನೆಲೆ ಚುಟುಕಾಗಿ: 1982ರಲ್ಲಿ ಬಾಬ್ ಫೂಟ್ ಎಂಬವರು ಶುರು ಮಾಡಿದಾಗ ಇದ್ದದ್ದು ಎಂಟು ತಂಡ, ತಂಡಕ್ಕೆ ಹತ್ತು ಜನ. ಆಗ ಓಟ ಪೆಸಿಫಿಕ್ ಸಿಟಿಯಲ್ಲಿ ಮುಗಿಯುತ್ತಿತ್ತು. 1989ರಿಂದ ಸೀಸೈಡ್‌ಗೆ ಬಂತು. ಈಗ ಸೇರಬಯಸುವವರು ಎಷ್ಟೆಂದರೆ ಲಾಟರಿಯಲ್ಲಿ ಹೆಸರು ಬರಬೇಕು. ಹಿಲ್ಸ್‌ಬರೊ, ಬೀವರ್ಟನ್ ಕಡೆ ಇಂಟೆಲ್, ನೈಕಿಯಂಥ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಆಫೀಸಿನ ತಂಡದಲ್ಲಿ ಜಾಗ ಸಿಗುವ ಸಾಧ್ಯತೆ ಇರುತ್ತದೆ, ಕೇಳಿ ನೋಡಿ. ಸ್ಥಳೀಯ ತಂಡವಾದರೆ ಮೂವರು ಸ್ವಯಂಸೇವಕರನ್ನೂ ಕೊಡಬೇಕು. ಇದನ್ನು ಕೊನೆಗೆ ಬಿಟ್ಟರೆ ಆಗಸ್ಟ್‌ನಲ್ಲಿ ಪರದಾಟ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಹೊಲದಲ್ಲಿ ನಿಂತು ಗಾಡಿ ನಿಲ್ಲಿಸಲು ದಾರಿ ತೋರಿಸಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಲಾಟರಿಯಲ್ಲಿ ಹೆಸರು ಬಂದ ದಿನವೇ ಮೂರು ಮನೆಗೆ ಫೋನ್ ಮಾಡಿಬಿಡಿ.

ಈಗ ಮುಖ್ಯ ಲೆಕ್ಕ. ಮೈಲಿಗೆ ಸರಾಸರಿ 10 ನಿಮಿಷ ಓಡುವ ತಂಡ 200 ಮೈಲಿಗೆ 2000 ನಿಮಿಷ, ಅಂದರೆ 33 ಗಂಟೆ 20 ನಿಮಿಷ ತೆಗೆದುಕೊಳ್ಳುತ್ತದೆ. ಮೊದಲ ವ್ಯಾನಿನಲ್ಲಿ 1ರಿಂದ 6ನೇ ಓಟಗಾರರು, ಎರಡನೆಯದರಲ್ಲಿ 7ರಿಂದ 12. ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಮೊದಲ ವ್ಯಾನ್ ಹನ್ನೊಂದೂವರೆ ಸುಮಾರಿಗೆ ಸ್ಯಾಂಡಿ ಊರಿನಲ್ಲಿ ಕೆಲಸ ಮುಗಿಸಿ ಎರಡನೆಯ ವ್ಯಾನಿಗೆ ಒಪ್ಪಿಸುತ್ತದೆ. ಆ ವ್ಯಾನ್ ಬಿಸಿಲಲ್ಲಿ ಪೋರ್ಟ್‌ಲ್ಯಾಂಡ್ ಮುಟ್ಟುವಾಗ ಸಂಜೆ ಐದು. ಅಲ್ಲಿಂದ ಸೇಂಟ್ ಹೆಲೆನ್ಸ್‌ವರೆಗೆ ಮತ್ತೆ ಮೊದಲ ವ್ಯಾನ್, ರಾತ್ರಿ ಹತ್ತೂವರೆ ತನಕ. ಸೇಂಟ್ ಹೆಲೆನ್ಸ್‌ನಿಂದ ಮಿಸ್ಟ್ ಎಂಬ ಹಳ್ಳಿಯವರೆಗೆ ಎರಡನೆಯ ವ್ಯಾನ್, ಬೆಳಗಿನ ಜಾವ ನಾಲ್ಕರ ತನಕ. ಆಮೇಲೆ ಕೋಸ್ಟ್ ರೇಂಜ್ ಎಂಬ ಕರಾವಳಿ ಬೆಟ್ಟಸಾಲಿನ ಕಾಡಿನಲ್ಲಿ ಮೊದಲ ವ್ಯಾನ್ ಒಂಬತ್ತೂವರೆವರೆಗೆ, ಕೊನೆಗೆ ಎರಡನೆಯದು ಮಧ್ಯಾಹ್ನ ಮೂರರ ಸುಮಾರಿಗೆ ಸಮುದ್ರದ ಹತ್ತಿರ.

ಈ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡೇ ಯಾರು ಯಾವ ವ್ಯಾನ್ ಎಂದು ನಿರ್ಧರಿಸಿ. ಈ ವೇಗದ ತಂಡದಲ್ಲಿ ನಡುರಾತ್ರಿಯ ಜಲ್ಲಿ ರಸ್ತೆ ಬೀಳುವುದು ಎರಡನೆಯ ವ್ಯಾನಿಗೆ. ಕತ್ತಲೆಗೆ, ಒಂಟಿತನಕ್ಕೆ ಅಳುಕುವವರನ್ನು ಮೊದಲನೆಯದರಲ್ಲಿ ಹಾಕಿ. ಹಾಗೇ ನಡುವಿನ ಬಿಡುವು ಐದೂವರೆ ಗಂಟೆ ಎಂದು ಕಾಗದದಲ್ಲಿ ಕಂಡರೂ ಅದೆಲ್ಲ ನಿದ್ದೆಗಲ್ಲ. ವ್ಯಾನ್ ಬದಲಾಗುವ ಮುಂದಿನ ದೊಡ್ಡ ಎಕ್ಸ್‌ಚೇಂಜ್‌ಗೆ ಗಾಡಿ ಓಡಿಸಲು ಒಂದೂವರೆ ಗಂಟೆ, ಊಟ ಮುಕ್ಕಾಲು ಗಂಟೆ, ಬಟ್ಟೆ ಬದಲಿಸಿ ಹಾಸಿಗೆ ಬಿಚ್ಚಲು ಅರ್ಧ ಗಂಟೆ, ಓಡುವ ಮುಂಚಿನ ತಯಾರಿಗೆ ಮುಕ್ಕಾಲು ಗಂಟೆ ಕಳೆಯಿರಿ. ಉಳಿಯುವುದು ಎರಡು ಗಂಟೆ. ಆ ಎರಡು ಗಂಟೆಯನ್ನು ಹರಟೆಗೆ ಕೊಟ್ಟ ತಂಡ ಮೂರನೇ ಸುತ್ತಿನಲ್ಲಿ ಸೋಲುತ್ತದೆ.

ಮೊದಲ ಲೆಗ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಟಿಂಬರ್‌ಲೈನ್ ಇರುವುದು ಸುಮಾರು 6000 ಅಡಿ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಅಲ್ಲಿಂದ ಐದು ಚಿಲ್ಲರೆ ಮೈಲಿಯಲ್ಲಿ ಸುಮಾರು 2000 ಅಡಿ ಇಳಿಯಬೇಕು. ಇಳಿಜಾರು ತಾನೇ, ಸುಲಭ ಎಂದು ಹೊಸಬರನ್ನು ಅಲ್ಲಿ ನಿಲ್ಲಿಸುವುದು ದೊಡ್ಡ ತಪ್ಪು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯುತ್ತದೆ. ನಾರುನಾರಿನಲ್ಲೂ ಪೆಟ್ಟು ಬೀಳುವುದು ಆಗಲೇ. ಆ ಹೊತ್ತಿಗೆ ಹಾಯೆನಿಸಿದರೂ ಸಂಜೆ ಎರಡನೇ ಓಟಕ್ಕೆ ನಿಂತಾಗ ಕಾಲು ಮರದ ಕೊರಡಿನಂತಾಗಿರುತ್ತದೆ. ಇಳಿಜಾರಿನಲ್ಲಿ ಓಡಿ ಅಭ್ಯಾಸ ಇರುವವರಿಗೆ ಇದನ್ನು ಕೊಡಿ. ಆರೇಳು ವಾರ ಮೊದಲಿನಿಂದ ವಾರಕ್ಕೊಮ್ಮೆ ಇಳಿಜಾರಿನ ಓಟ, ಮೊದಲು ಎರಡು ಕಿ.ಮೀ., ಆಮೇಲೆ ಏರಿಸುತ್ತಾ ಆರು. ಓಟದ ದಿನ ಹೆಜ್ಜೆ ಚಿಕ್ಕದಿರಲಿ, ಹಿಮ್ಮಡಿಯಲ್ಲಿ ಬ್ರೇಕ್ ಹಾಕಬೇಡಿ.

ಮಿಕ್ಕ ಲೆಗ್‌ಗಳಿಗೆ ಆಯೋಜಕರ ಕೈಪಿಡಿಯಲ್ಲಿ ಉದ್ದ, ಏರಿಳಿತ, ಕಷ್ಟದ ಮಟ್ಟ ಎಲ್ಲ ಇವೆ, ಚೆನ್ನಾಗಿಯೇ ಇವೆ. ಒಂದೇ ಕಿವಿಮಾತು: ಒಬ್ಬರ ಮೂರೂ ಲೆಗ್‌ಗಳನ್ನು ಕೂಡಿಸಿ ನೋಡಿ. 5ನೇ ಓಟಗಾರರಿಗೆ 5, 17, 29 ಒಟ್ಟಿಗೆ ಬರುತ್ತವೆ. ಮೊದಲನೆಯದು ಮಾತ್ರ ನೋಡಿ ಒಪ್ಪಿಕೊಂಡವರು ಶನಿವಾರ ಬೆಳಿಗ್ಗೆ ಏರುದಾರಿಯ ಮುಂದೆ ನಿಂತು ಗೊಣಗಬೇಕಾಗುತ್ತದೆ.

ಬ್ಯಾಟನ್ ಬದಲು ಮಣಿಕಟ್ಟಿಗೆ ಪಟ್ಟೆಂದು ಸುತ್ತಿಕೊಳ್ಳುವ ಪಟ್ಟಿ ಕೊಡುತ್ತಾರೆ. ಬೆವರಿದ ಕೈಯಲ್ಲೂ ಜಾರುವುದಿಲ್ಲ, ಕೆಳಗೆ ಬೀಳುವುದಿಲ್ಲ. ಒಳ್ಳೆಯ ಏರ್ಪಾಡು.

ಇನ್ನು ವಾಹನ ದಟ್ಟಣೆ. ಇದಕ್ಕೆ ಕಾರಣ ಗೊತ್ತಿದ್ದರೆ ಅರ್ಧ ಸಿಟ್ಟು ಕಡಿಮೆಯಾಗುತ್ತದೆ. ಎಲ್ಲ ತಂಡಗಳೂ ಶನಿವಾರವೇ ಸೀಸೈಡ್ ಸೇರಬೇಕೆಂದು ನಿಧಾನದ ತಂಡಗಳನ್ನು ಮೊದಲು, ವೇಗದವರನ್ನು ಕೊನೆಗೆ ಬಿಡುತ್ತಾರೆ. ಹಾಗಾಗಿ ಬೆಟ್ಟದ ಮೇಲೆ ಗುಂಪು ಚೆದುರಿರುತ್ತದೆ, ಸಮುದ್ರ ಹತ್ತಿರವಾದಂತೆ ವೇಗದವರು ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ. ಸಾವಿರ ತಂಡವೆಂದರೆ ಎರಡು ಸಾವಿರ ವ್ಯಾನ್. ಪೋರ್ಟ್‌ಲ್ಯಾಂಡಿನಿಂದ ಅದೇ ದಾರಿಯಲ್ಲಿ ನಡೆದು ಬರುವ ಪೋರ್ಟ್‌ಲ್ಯಾಂಡ್ ಟು ಕೋಸ್ಟ್ ತಂಡಗಳ ಗಾಡಿಗಳು ಬೇರೆ. ಇವೆಲ್ಲ ಕೋಸ್ಟ್ ರೇಂಜ್‌ನ ಎರಡೇ ಪಥದ ರಸ್ತೆಗೆ ಬಂದಾಗ, ಅದರಲ್ಲೂ 24 ಮತ್ತು 30ನೇ ಎಕ್ಸ್‌ಚೇಂಜ್‌ಗಳ ಹತ್ತಿರ, ಗಾಡಿಗಳ ಸಾಲು ಬೆಳೆಯುತ್ತದೆ. ಓಟಗಾರ ಬಂದು ನಿಂತಿರುತ್ತಾನೆ, ಪಟ್ಟಿ ತೆಗೆದುಕೊಳ್ಳಬೇಕಾದವಳು ಒಂದು ಮೈಲಿ ಹಿಂದೆ ವ್ಯಾನಿನಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಪರಿಹಾರ ಒಂದೇ: ಈ ಎರಡು ಕಡೆಗೆ ಒಂದು ಗಂಟೆ ಮೊದಲೇ ಬನ್ನಿ. ಬೇಗ ಬಂದು ಅಲ್ಲಿಯೇ ಮಲಗುವುದು, ತಡವಾಗಿ ಹೊರಟು ಸಾಲಿನಲ್ಲಿ ನಿದ್ದೆಗೆಡುವುದಕ್ಕಿಂತ ಎಷ್ಟೋ ಮೇಲು.

ಸೇಂಟ್ ಹೆಲೆನ್ಸ್ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಎರಡು ವ್ಯಾನ್‌ಗಳ ನಡುವೆ ಮಾತು ನಿಂತುಹೋಗುತ್ತದೆ. ಆದ್ದರಿಂದ ಸೇಂಟ್ ಹೆಲೆನ್ಸ್‌ನ 18ನೇ ಎಕ್ಸ್‌ಚೇಂಜ್‌ನಲ್ಲೇ ಅಲ್ಲಿಯವರೆಗಿನ ನಿಜವಾದ ವೇಗ ನೋಡಿ ಮುಂದಿನ ಸಮಯವನ್ನು ಕಾಗದದ ಮೇಲೆ ಬರೆದು ಎರಡೂ ವ್ಯಾನಿನಲ್ಲಿಟ್ಟುಕೊಳ್ಳಿ. ರಾತ್ರಿಯ ಓಟಕ್ಕೆ ಮೈಲಿಗೆ 30ರಿಂದ 45 ಸೆಕೆಂಡ್ ಹೆಚ್ಚು ಹಿಡಿಯಿರಿ. ಕೈಪಿಡಿಯನ್ನು ಮುದ್ರಿಸಿಕೊಳ್ಳಿ, ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ಸೇಂಟ್ ಹೆಲೆನ್ಸ್‌ನಿಂದ ಮಿಸ್ಟ್ ಕಡೆಗಿನ ಜಲ್ಲಿ ರಸ್ತೆಯ ದೂಳು ಈ ಓಟದಲ್ಲಿ ಎಲ್ಲರ ನೆನಪಿನಲ್ಲೂ ಉಳಿಯುವ ಸಂಗತಿ. ಬೇಸಿಗೆ ಪೂರ್ತಿ ಒಣಗಿದ ಮಣ್ಣು, ಒಂದರ ಹಿಂದೆ ಒಂದು ವ್ಯಾನ್. ಹಣೆಗೆ ಕಟ್ಟಿದ ದೀಪದ ಬೆಳಕು ಕಣ್ಣೆದುರಿನ ದೂಳಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ, ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ದೀಪವನ್ನು ಸೊಂಟಕ್ಕೆ ಇಳಿಸಿ ಕಟ್ಟಿಕೊಳ್ಳಿ. ಬೆಳಕು ನೆಲಕ್ಕೆ ಓರೆಯಾಗಿ ಬಿದ್ದರೆ ಕಲ್ಲು, ಗುಂಡಿಯ ನೆರಳು ಎದ್ದು ಕಾಣುತ್ತದೆ. 250ರಿಂದ 300 ಲ್ಯೂಮೆನ್ ದೀಪ ಸಾಕು, ಬದಲಿ ಬ್ಯಾಟರಿ ಮಾತ್ರ ಜೇಬಿನಲ್ಲೇ ಇರಲಿ. ಮೂಗು-ಬಾಯಿಗೆ ತೆಳು ಬಟ್ಟೆ, ಕಣ್ಣಿಗೆ ಬಣ್ಣವಿಲ್ಲದ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ಲೆಗ್‌ಗೆ ತೆಗೆದಿಡಿ. ಆಸ್ತಮಾ ಇರುವವರಿಗೆ ಈ ಲೆಗ್ ಕೊಡಲೇಬೇಡಿ. ವ್ಯಾನ್ ಓಡಿಸುವವರಿಗೂ ಒಂದು ಬೇಡಿಕೆ: ಇಲ್ಲಿ ಗಾಡಿಯನ್ನು ಆಮೆಯಂತೆ ಬಿಡಿ, ನೀವೆಬ್ಬಿಸಿದ ದೂಳು ಇನ್ನೊಬ್ಬರ ಎದೆಗೆ ಹೋಗುತ್ತದೆ.

ಕತ್ತಲ ಹೊತ್ತಿನ ಸುರಕ್ಷತಾ ನಿಯಮ ಕಟ್ಟುನಿಟ್ಟು. ಹೊಳೆಯುವ ಜಾಕೆಟ್, ಮಿನುಗುವ ದೀಪ, ಹಣೆದೀಪ ಇಲ್ಲದೆ ಓಡುವಂತಿಲ್ಲ. ವ್ಯಾನಿಗೆ ಎರಡೇ ಜಾಕೆಟ್ ತಂದು ಕೈ ಬದಲಾಯಿಸುವ ತಂಡಗಳಿವೆ. ಅದು ತಪ್ಪು ಉಳಿತಾಯ. ಶೌಚಾಲಯಕ್ಕೆ ಹೋಗುವವರೂ ನಿದ್ದೆಗಣ್ಣಿನಲ್ಲಿ ಗಾಡಿಗಳ ನಡುವೆಯೇ ನಡೆಯುತ್ತಾರೆ. ಆರು ಜನಕ್ಕೆ ಆರು ಜಾಕೆಟ್ ಇರಲಿ. ಕಿವಿಗೆ ಇಯರ್‌ಫೋನ್ ಬೇಡ. ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಲೇಬೇಕು.

ಮಲಗಲು ಸೇಂಟ್ ಹೆಲೆನ್ಸ್ ಹತ್ತಿರದ ಜಾತ್ರೆ ಮೈದಾನ, ಮಿಸ್ಟ್ ಹತ್ತಿರದ ಹೊಲ ಸಿಗುತ್ತವೆ. ಗುರುತು ಮಾಡಿದ ಜಾಗದಲ್ಲಷ್ಟೇ ಮಲಗಿ. ವ್ಯಾನಿನ ಪಕ್ಕದ ಹುಲ್ಲು ಎಷ್ಟೇ ಮೆತ್ತಗಿದ್ದರೂ ಅದು ಇನ್ನೊಬ್ಬರು ಗಾಡಿ ತಿರುಗಿಸುವ ಜಾಗ. ಇಬ್ಬನಿ ಸ್ಲೀಪಿಂಗ್ ಬ್ಯಾಗನ್ನು ಒಂದೇ ಗಂಟೆಯಲ್ಲಿ ತೋಯಿಸುತ್ತದೆ, ಕೆಳಗೆ ಟಾರ್ಪಾಲು, ಮೇಲೊಂದು ಹಗುರ ಪ್ಲಾಸ್ಟಿಕ್ ಹಾಳೆ ಬೇಕು. ಅಲಾರಂ ಇಬ್ಬರ ಫೋನಿನಲ್ಲಿಡಿ.

ಊಟದಲ್ಲಿ ನಮ್ಮವರು ಎಡವುವುದು ಪ್ರೀತಿಯಿಂದಲೇ. ಮನೆಯಿಂದ ಪುಳಿಯೋಗರೆ, ಕಡಲೆಬೀಜ ಹಾಕಿದ ಚಿತ್ರಾನ್ನ, ಬೋಂಡ ಕಟ್ಟಿಕೊಂಡು ಬರುತ್ತಾರೆ. ಎಣ್ಣೆ, ಹುಳಿ, ಖಾರ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತವೆ, ಮೂರು ಗಂಟೆ ಬಿಟ್ಟು ಓಡುವಾಗ ಎದೆಗೆ ಬರುತ್ತವೆ. ಅದನ್ನು ಸೀಸೈಡ್‌ಗೆ ಉಳಿಸಿಕೊಳ್ಳಿ. ಮೊದಲ ಓಟ ಮುಗಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ಉಣ್ಣಿ, ಆಮೇಲೆ ಸಾಕಷ್ಟು ಬಿಡುವಿದೆ. ರಾತ್ರಿ ಓಟ ಮುಗಿಸಿದವರಿಗೆ ಐಸ್ ಪೆಟ್ಟಿಗೆಯಲ್ಲಿಟ್ಟ ಮೊಸರನ್ನಕ್ಕಿಂತ ಹಿತವಾದದ್ದು ಇಲ್ಲ: ಉಪ್ಪು, ಅನ್ನ, ನೀರಿನಂಶ ಮೂರೂ ಇವೆ. ಒಗ್ಗರಣೆಗೆ ಎಣ್ಣೆ ಒಂದೇ ಚಮಚ. ಓಟಕ್ಕೆ ಒಂದೂವರೆ ಗಂಟೆ ಮೊದಲು ಬಾಳೆಹಣ್ಣು ಅಥವಾ ಜಾಮ್ ಸವರಿದ ಚಪಾತಿ ಒಂದು. ಪ್ರತಿ ವ್ಯಾನಿಗೆ 30 ಲೀಟರ್ ನೀರು ಇಡಿ, ಹಳ್ಳಿಗಾಡಿನಲ್ಲಿ ನಡುರಾತ್ರಿ ಅಂಗಡಿ ತೆರೆದಿರುವುದಿಲ್ಲ.

ಬಟ್ಟೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಮೂರು, ಒಂದೊಂದರಲ್ಲಿ ಒಂದು ಓಟದ ಪೂರ್ತಿ ಜೊತೆ: ಅಂಗಿ, ಚಡ್ಡಿ, ಎರಡು ಸಾಕ್ಸ್. ಕತ್ತಲಲ್ಲಿ ಹುಡುಕುವ ಗೋಜಿಲ್ಲ, ಮುಗಿದ ಮೇಲೆ ವಾಸನೆಯೂ ಅದರಲ್ಲೇ ಕಟ್ಟಿಕೊಳ್ಳುತ್ತದೆ. ಶೂ ಎರಡು ಜೊತೆ.

ಗಾಡಿ ಓಡಿಸುವವರ ವಿಷಯದಲ್ಲಿ ನಮ್ಮದು ಗಟ್ಟಿ ಅಭಿಪ್ರಾಯ. ಪ್ರತಿ ವ್ಯಾನಿಗೂ ಓಡದ ಒಬ್ಬ ಚಾಲಕ ಇರಲೇಬೇಕು. ಬೆಳಗಿನ ಜಾವ ನಾಲ್ಕಕ್ಕೆ, ಎರಡು ಸಲ ಓಡಿ ಎರಡೇ ಗಂಟೆ ಮಲಗಿದವರ ಕೈಯಲ್ಲಿ ಸ್ಟಿಯರಿಂಗ್ ಇದ್ದು, ರಸ್ತೆ ಪಕ್ಕದಲ್ಲಿ ನೂರಾರು ಜನ ಓಡುತ್ತಿರುವುದು ಈ ಓಟದ ನಿಜವಾದ ಅಪಾಯ. ಇದೇ ಕಾರಣಕ್ಕೆ ಶನಿವಾರ ರಾತ್ರಿ ಪೋರ್ಟ್‌ಲ್ಯಾಂಡಿಗೆ ವಾಪಸಾಗಬೇಡಿ. ಸುಮಾರು 80 ಮೈಲಿ ಕಾಡುದಾರಿ ಅದು. ಸೀಸೈಡ್, ಕ್ಯಾನನ್ ಬೀಚ್ ಅಥವಾ ಅಸ್ಟೋರಿಯಾದಲ್ಲಿ ಕೋಣೆಯನ್ನು ಲಾಟರಿ ಬಂದ ವಾರವೇ ಹಿಡಿಯಿರಿ. ಪ್ರವೇಶ ಶುಲ್ಕ, ವ್ಯಾನ್ ಬಾಡಿಗೆ, ಪೆಟ್ರೋಲ್ ಜೊತೆ ಈ ಕೋಣೆಯ ಖರ್ಚನ್ನೂ ಮೊದಲೇ 12 ಪಾಲು ಮಾಡಿ ವಸೂಲಿ ಮಾಡಿಬಿಡಿ.

ಯಾರಿಗೆ ಬೇಡ? ಹೊಟ್ಟೆ ಸೂಕ್ಷ್ಮ ಇರುವವರಿಗೆ, ನಿದ್ದೆ ತಪ್ಪಿದರೆ ತಲೆನೋವು ಬರುವವರಿಗೆ, ತನ್ನ ಸಮಯವೊಂದೇ ಮುಖ್ಯ ಎನ್ನುವವರಿಗೆ. ತಂಡಕ್ಕೆ ಕನಿಷ್ಠ ಎಂಟು ಜನ ಸಾಕಾದರೂ ಆಗ ತಲೆಗೆ ನಾಲ್ಕೈದು ಲೆಗ್ ಬೀಳುತ್ತವೆ, ಮೊದಲ ಸಲದವರು ಆ ಸಾಹಸಕ್ಕೆ ಹೋಗಬೇಡಿ. ಹತ್ತು ಕಿ.ಮೀ. ಆರಾಮಾಗಿ ಓಡಬಲ್ಲ, ಒಬ್ಬರ ಬೆವರ ವಾಸನೆ ಇನ್ನೊಬ್ಬರು ಸಹಿಸಬಲ್ಲ ಹನ್ನೆರಡು ಗೆಳೆಯರಿದ್ದರೆ ಕಣ್ಣು ಮುಚ್ಚಿ ಹೆಸರು ಕೊಡಿ.

ಕೊನೆಯ ಲೆಗ್‌ಗೆ ಒಂದು ಮಾತು. ಸೀಸೈಡ್‌ನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. 12ನೇ ಓಟಗಾರರನ್ನು ಕೊನೆಯ ಎಕ್ಸ್‌ಚೇಂಜ್‌ನಲ್ಲಿ ಬಿಟ್ಟವರು ನೇರ ಊರಿಗೆ ಬಂದು, ಸಿಕ್ಕಲ್ಲಿ ನಿಲ್ಲಿಸಿ, ನಡೆದೇ ದಂಡೆ ಸೇರಿ. ಮಿಕ್ಕ ಹನ್ನೊಂದು ಜನ ಮರಳಿನ ಅಂಚಿನಲ್ಲಿ ಕಾದು ನಿಂತು ಜೊತೆಯಾಗಿ ಗೆರೆ ದಾಟುವುದು ರೂಢಿ, ಗಾಡಿ ಸುತ್ತಿಸುತ್ತಾ ಅದನ್ನು ಕಳೆದುಕೊಳ್ಳಬೇಡಿ. ಸಮುದ್ರದ ಗಾಳಿಯನ್ನೂ ಹಗುರವಾಗಿ ಎಣಿಸಬೇಡಿ. 2015ರಲ್ಲಿ ಬಿರುಗಾಳಿಗೆ ದಂಡೆಯ ಮೇಲಿನ ಏರ್ಪಾಡುಗಳನ್ನೇ ಕೈಬಿಡಬೇಕಾಯಿತು. ಸ್ವೆಟರನ್ನು ವ್ಯಾನಿನಲ್ಲಿ ಬಿಟ್ಟು ಬರಬೇಡಿ.