ವೈನ್ ದ್ರಾಕ್ಷಿಗೆ ಮೋಟು ಬಿಡೋದಾ, ಉದ್ದ ಕಡ್ಡಿ ಕಟ್ಟೋದಾ?

ನನ್ನ ತೋಟದಲ್ಲಿ ಅಕ್ಕಪಕ್ಕ ಎರಡು ಸಾಲುಗಳಿವೆ. ಎರಡರಲ್ಲೂ ಕ್ಯಾಬರ್ನೆ ಸೋವಿನ್ಯಾನ್ ತಳಿ. ಮಣ್ಣು ಒಂದೇ, ನೆಟ್ಟ ವರ್ಷವೂ ಒಂದೇ. ಚಳಿಗಾಲದಲ್ಲಿ ಕಡ್ಡಿ ಸವರುವ (ಕತ್ತರಿಸುವ) ರೀತಿ ಮಾತ್ರ ಬೇರೆ. ಎಡಗಡೆ ಸಾಲಿಗೆ ಮೋಟು, ಬಲಗಡೆ ಸಾಲಿಗೆ ಉದ್ದ ಕಡ್ಡಿ. ಹೀಗೆ ನಾಲ್ಕು ಚಳಿಗಾಲ ಕಳೆದಿದೆ.

ಮೋಟು ಅಂದರೆ ಇಷ್ಟೇ. ಬಳ್ಳಿಗೆ ತಂತಿಯ ಉದ್ದಕ್ಕೂ ಒಂದು ಕಾಯಂ ತೋಳು ಇರುತ್ತದೆ. ಅದರ ಮೇಲೆ 10–15 ಸೆಂ.ಮೀ.ಗೊಂದರಂತೆ ಹೋದ ವರ್ಷದ ಕಡ್ಡಿಗಳನ್ನು ಎರಡು ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಯುವಂತೆ ಕತ್ತರಿಸುತ್ತೇವೆ. ಉದ್ದ ಕಡ್ಡಿ ಪದ್ಧತಿಯಲ್ಲಿ ಕಾಯಂ ತೋಳು ಇಲ್ಲ. ಹೋದ ವರ್ಷದ ಒಂದೆರಡು ಒಳ್ಳೆಯ ಕಡ್ಡಿಗಳನ್ನು ಎಂಟು–ಹತ್ತು ಕಣ್ಣಿನಷ್ಟು ಉದ್ದ ಬಿಟ್ಟು ತಂತಿಗೆ ಕಟ್ಟುತ್ತೇವೆ, ಮಿಕ್ಕಿದ್ದೆಲ್ಲ ತೆಗೆಯುತ್ತೇವೆ. ಕಾಂಡದ ಹತ್ತಿರ ಎರಡು ಕಣ್ಣಿನ ಒಂದು ಮೋಟು ಮಾತ್ರ ಇರುತ್ತದೆ, ಮುಂದಿನ ವರ್ಷದ ಕಡ್ಡಿಗಾಗಿ. 19ನೇ ಶತಮಾನದ ಫ್ರಾನ್ಸಿನ ವೈದ್ಯ ಜೂಲ್ ಗಿಯೋ ಇದನ್ನು ಜನಪ್ರಿಯ ಮಾಡಿದ. ಅದಕ್ಕೇ ಇದನ್ನು ‘ಗಿಯೋ’ ಎಂದೂ ಕರೆಯುತ್ತಾರೆ.

ಎರಡಕ್ಕೂ ಆಧಾರ ಒಂದೇ. ಹೋದ ವರ್ಷದ ಕಡ್ಡಿಯಿಂದ ಈ ವರ್ಷ ಹೊರಡುವ ಚಿಗುರಿನಲ್ಲಿ ಗೊಂಚಲು ಬರುತ್ತದೆ. ಆ ಗೊಂಚಲಿನ ಮೊಳಕೆ ಹೋದ ವರ್ಷವೇ ಹೂ ಬಿಡುವ ಹೊತ್ತಿಗೆ ಕಣ್ಣಿನೊಳಗೆ ಶುರುವಾಗಿರುತ್ತದೆ. ಆಗ ಬಿಸಿಲು ಬೀಳದ ಕಣ್ಣು ಮುಂದಿನ ವರ್ಷ ಬರೀ ಎಲೆ ಕೊಡಬಹುದು.

ಕೆಲಸದ ಮಟ್ಟಿಗೆ ಮೋಟು ಸುಲಭ. ಹೊಸಬರಿಗೂ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ಉದ್ದ ಕಡ್ಡಿಗೆ ಪ್ರತಿ ಬಳ್ಳಿಯ ಮುಂದೆ ನಿಂತು ಯೋಚಿಸಬೇಕು. ಹೆಬ್ಬೆರಳು ದಪ್ಪದ ಕಡ್ಡಿ ನೋಡಲು ಚೆನ್ನ, ಆದರೆ ಸೊಕ್ಕಿ ಬೆಳೆದದ್ದು. ಪೆನ್ಸಿಲ್ ದಪ್ಪದ್ದೇ ವಾಸಿ. ಮೊದಲ ವರ್ಷ ಒಣ ಮಧ್ಯಾಹ್ನ ಬಗ್ಗಿಸಲು ಹೋಗಿ ಮೂರು ಕಡ್ಡಿ ಲಟಕ್ಕಂತ ಮುರಿದೆ. ಈಗ ಒಣ ದಿನ ಕತ್ತರಿಸುತ್ತೇನೆ, ಇಬ್ಬನಿ ಬಿದ್ದ ಬೆಳಗ್ಗೆ ಕಟ್ಟುತ್ತೇನೆ. ತೇವದಲ್ಲಿ ಕಡ್ಡಿ ಬಾಗುತ್ತದೆ.

ಒಣ ದಿನವೇ ಏಕೆ ಅಂದರೆ, ಯುಟೈಪಾದಂಥ ಕಾಂಡ ರೋಗಗಳ ಬೀಜಕಣಗಳು ಮಳೆಯಲ್ಲಿ ಹರಡಿ ಕತ್ತರಿಸಿದ ಗಾಯದಿಂದ ಒಳಗೆ ಹೋಗುತ್ತವೆ. ಈ ಪಾಠ ನನಗೆ ಮೋಟಿನ ಸಾಲಿನಲ್ಲೇ ಸಿಕ್ಕಿತು. ಜಿಟಿಜಿಟಿ ಮಳೆಯಲ್ಲೂ ಸವರಿ ಮುಗಿಸಿದ್ದೆ. ಎರಡು ವರ್ಷದ ಮೇಲೆ ಒಂದು ಬಳ್ಳಿಯ ಅರ್ಧ ತೋಳು ಒಣಗಿತು, ಅಲ್ಲಿ ಇವತ್ತಿಗೂ ಬೋಳು. ಕಾಯಂ ತೋಳಿನ ದೊಡ್ಡ ಕೊರತೆ ಇದು. ಒಂದು ಮೋಟು ಸತ್ತರೆ ಆ ಜಾಗ ತುಂಬಲು ವರ್ಷಗಳು ಬೇಕು. ಉದ್ದ ಕಡ್ಡಿಯಲ್ಲಿ ಮಾಡಿದ ತಪ್ಪು ಹೆಚ್ಚೆಂದರೆ ಒಂದು ಫಸಲಿನದ್ದು.

ಚಿಗುರುವಾಗ ಮೋಟಿನ ಸಾಲು ಗೆದ್ದಿತು. ಎಲ್ಲ ಕಣ್ಣೂ ಹೆಚ್ಚುಕಮ್ಮಿ ಒಟ್ಟಿಗೆ ಒಡೆದವು. ಉದ್ದ ಕಡ್ಡಿಯಲ್ಲಿ ತುದಿಯವು ಮೊದಲು ಎದ್ದು ನಡುವಿನವು ನಿದ್ದೆ ಹೋದವು. ನೆಟ್ಟಗೆ ಕಟ್ಟುವ ಬದಲು ಬಿಲ್ಲಿನಂತೆ ಬಗ್ಗಿಸಿ, ತುದಿ ಕೆಳಗಾಗುವಂತೆ ಕಟ್ಟಿದ ಮೇಲೆ ಸುಧಾರಿಸಿತು. ಪೂರ್ತಿ ಸರಿಯಾಗಲಿಲ್ಲ.

ತಡವಾಗಿ ಬೀಳುವ ಹಿಮದ ರಾತ್ರಿಗಳಿಗೂ ಮೋಟೇ ಆಗಿಬಂತು. ಚಳಿಗಾಲದಲ್ಲಿ ಕಡ್ಡಿಗಳನ್ನು ಉದ್ದವಾಗಿಯೇ ಒರಟಾಗಿ ಕತ್ತರಿಸಿಟ್ಟು, ಕೊನೆಯ ಕತ್ತರಿ ತಡವಾಗಿ ಹಾಕಿದೆ. ಹಿಮ ತುದಿಯ ಚಿಗುರನ್ನು ಸುಟ್ಟಿತು, ಬುಡದ ಎರಡು ಕಣ್ಣು ಇನ್ನೂ ಮುಚ್ಚಿಯೇ ಇದ್ದವು. ಬಲಗಡೆ ಸಾಲಿಗೆ ಹೆಚ್ಚುವರಿ ಕಡ್ಡಿ ಒಂದನ್ನು ನಿಲ್ಲಿಸಿಟ್ಟಿದ್ದು ಸ್ವಲ್ಪ ಕಾಪಾಡಿತು.

ಇಷ್ಟು ನೋಡಿದರೆ ಮೋಟೇ ಸಾಕು ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಹಾಗಾಗಿ ನೆಬ್ಬಿಯೋಲೋ ತಳಿಯ ಐದು ಬಳ್ಳಿಗಳಿಗೂ ಮೋಟು ಬಿಟ್ಟೆ. ಎಲೆಯೋ ಎಲೆ, ಗೊಂಚಲು ಹುಡುಕಬೇಕಿತ್ತು. ಆ ತಳಿಯಲ್ಲಿ ಬುಡದ ಕಣ್ಣುಗಳು ಹಣ್ಣು ಕೊಡುವುದು ತೀರಾ ಕಡಿಮೆ, ಫಲವೆಲ್ಲ ಕಡ್ಡಿಯ ಮುಂದಿನ ಕಣ್ಣುಗಳಲ್ಲಿ. ನಾನು ಕತ್ತರಿಸಿ ಬಿಸಾಡಿದ್ದೇ ಫಸಲು! ಥಾಂಪ್ಸನ್ ಸೀಡ್‌ಲೆಸ್ ತಳಿಯ ಸ್ವಭಾವವೂ ಇದೇ. ಕತ್ತರಿ ಎತ್ತುವ ಮೊದಲು ನಿಮ್ಮ ತಳಿಯ ಯಾವ ಕಣ್ಣಿನಲ್ಲಿ ಹಣ್ಣಿದೆ ಅಂತ ತಿಳಿದುಕೊಳ್ಳಿ. ಸುಲಭ, ಕಷ್ಟ ಎಲ್ಲ ಆಮೇಲೆ.

ಹಣ್ಣಿನ ವಿಷಯಕ್ಕೆ ಬಂದರೆ, ಮೊದಲ ವರ್ಷ ಉದ್ದ ಕಡ್ಡಿಯ ಸಾಲಿನಲ್ಲಿ ಆಸೆಗೆ ಬಿದ್ದು ಜಾಸ್ತಿ ಕಣ್ಣು ಉಳಿಸಿದೆ. ಗೊಂಚಲು ತುಂಬಾ ಬಂದವು, ಆದರೆ ಸಕ್ಕರೆ 20 ಬ್ರಿಕ್ಸ್‌ಗೇ (ಹಣ್ಣಿನ ರಸದ ಸಕ್ಕರೆ ಅಳೆಯುವ ಮಾನ) ನಿಂತಿತು. ಪಕ್ಕದ ಸಾಲು 23 ದಾಟಿತ್ತು. ಇದು ಪದ್ಧತಿಯ ತಪ್ಪಲ್ಲ, ನನ್ನದು. ಈಗ ಕತ್ತರಿಸಿದ ಕಡ್ಡಿಗಳನ್ನು ತೂಗಿ ನೋಡುತ್ತೇನೆ. ಹಣ್ಣಿನ ತೂಕ ಕಡ್ಡಿಯ ತೂಕದ 5ರಿಂದ 10 ಪಟ್ಟು ಇದ್ದರೆ ಬಳ್ಳಿಗೆ ಹೊರೆ ಸರಿ ಎಂದು ಲೆಕ್ಕ. ಅದಕ್ಕಿಂತ ಮೇಲಾದರೆ ಮುಂದಿನ ಸಲ ಕಣ್ಣು ಕಡಿಮೆ. ತಂತಿಯ ಒಂದು ಮೀಟರ್‌ಗೆ ಸುಮಾರು 15 ಚಿಗುರು ಉಳಿಸಿ, ಮಿಕ್ಕವನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಚಿವುಟುತ್ತೇನೆ.

ಹೊರೆ ಸರಿಹೋದ ಮೇಲೆ ಎರಡೂ ಸಾಲಿನ ವೈನನ್ನು ಬೇರೆ ಬೇರೆ ಮಾಡಿ, ಲೋಟಕ್ಕೆ ಗುರುತು ಹಾಕದೆ ಕುಡಿದು ನೋಡಿದೆ. ಯಾವುದು ಯಾವ ಸಾಲಿನದು ಅಂತ ಹೇಳಲು ನನ್ನಿಂದಾಗಲಿಲ್ಲ.

ಈಗ ಕ್ಯಾಬರ್ನೆಯ ಎಡ ಸಾಲು ಮೋಟಿನಲ್ಲೇ ಇರುತ್ತದೆ. ನೆಬ್ಬಿಯೋಲೋ ಪೂರ್ತಿ ಉದ್ದ ಕಡ್ಡಿಗೆ ಹೋಗಿದೆ. ತೋಳು ಒಣಗಿದ ಆ ಬಳ್ಳಿಯಲ್ಲಿ ಕಾಂಡದ ಹತ್ತಿರ ಒಂದು ಚಿಗುರು ಬಂದಿದೆ. ಈ ಚಳಿಗಾಲ ಅದನ್ನೇ ಬಗ್ಗಿಸಿ ಬೋಳು ತಂತಿಗೆ ಕಟ್ಟಬೇಕು.